ಫಿಲ್ಲರ್ ಹಾಕಿಸುವ ಮೊದಲು: ಮುಖದಲ್ಲಿ ಏನು ಕಡಿಮೆಯಾಗಿದೆ, ಎಲ್ಲಿ ಕಡಿಮೆಯಾಗಿದೆ?

ಕಷ್ಟಪಟ್ಟು ಹತ್ತು ಹನ್ನೆರಡು ಕಿಲೋ ಇಳಿಸಿದವರಿಗೆ ನೆಂಟರ ಮದುವೆಯಲ್ಲಿ ಸಿಗುವ ಮೊದಲ ಮಾತು ಏನು ಗೊತ್ತಾ? "ಯಾಕೆ ಮುಖ ಹೀಗೆ ಬತ್ತಿಹೋಗಿದೆ, ಹುಷಾರಿಲ್ವಾ?" ಸೊಂಟ ಇಳಿದದ್ದು ಯಾರಿಗೂ ಕಾಣುವುದಿಲ್ಲ, ಕೆನ್ನೆ ಇಳಿದದ್ದು ಮಾತ್ರ ಎಲ್ಲರಿಗೂ ಕಾಣುತ್ತದೆ.

ಈ ಮಾತು ಈಗ ಜಾಸ್ತಿ ಕೇಳುತ್ತಿರುವುದಕ್ಕೆ ಒಂದು ಕಾರಣ ತೂಕ ಇಳಿಸುವ ಇಂಜೆಕ್ಷನ್‌ಗಳು. ಮೌಂಜಾರೊ 2025ರ ಮಾರ್ಚ್‌ನಲ್ಲಿ, ವೆಗೋವಿ ಅದೇ ವರ್ಷದ ಜೂನ್‌ನಲ್ಲಿ ಭಾರತದ ಅಂಗಡಿಗಳಿಗೆ ಬಂದವು. ತೂಕ ಬೇಗ ಇಳಿಯಿತು, ಜೊತೆಗೆ ಮುಖವೂ ಇಳಿಯಿತು. ಅದರ ಬೆನ್ನಿಗೇ, ಬತ್ತಿದ ಜಾಗಕ್ಕೆ ಜೆಲ್ ಚುಚ್ಚಿ ತುಂಬಿಸಿ ಅಂತ, "ಎರಡು ಸಿರಿಂಜ್ ಫಿಲ್ಲರ್ ಹಾಕಿಸಿ, ಸರಿಹೋಗುತ್ತೆ" ಅನ್ನುವ ಸಲಹೆ, ರೀಲ್ಸ್, ಆಫರ್ ಎಲ್ಲ ಬಂದವು.

ಹಾಕಿಸಬೇಕೋ ಬೇಡವೋ ಅಂತ ಈ ಲೇಖನ ಹೇಳುವುದಿಲ್ಲ, ಅದು ನಿಮ್ಮಿಷ್ಟ. ಆದರೆ ಅದಕ್ಕೂ ಮೊದಲು ಒಂದು ಕೆಲಸ ಇದೆ. ಮುಖದಲ್ಲಿ ನಿಜವಾಗಿ ಏನು ಕಡಿಮೆಯಾಗಿದೆ, ಯಾವ ಪದರದಲ್ಲಿ, ಅಥವಾ ಏನೂ ಕಡಿಮೆಯಾಗದೆ ಸುಮ್ನೆ ಹಾಗೆ ಕಾಣುತ್ತಿದೆಯಾ ಅಂತ ನೋಡಿಕೊಳ್ಳುವುದು. ಸೂಜಿ ಹಿಡಿಯುವುದಕ್ಕಿಂತ ಈ ಕೆಲಸಕ್ಕೇ ಹೆಚ್ಚು ಅನುಭವ ಬೇಕು.

ಮೊದಲು ಒಂದು ಗೊಂದಲ: ಬೊಟಾಕ್ಸ್ ಬೇರೆ, ಫಿಲ್ಲರ್ ಬೇರೆ

ಬೊಟಾಕ್ಸ್ ಅನ್ನುವ ಇಂಜೆಕ್ಷನ್ ಸ್ನಾಯುವನ್ನು ಕೆಲವು ತಿಂಗಳು ಸಡಿಲಗೊಳಿಸುತ್ತದೆ. ಹುಬ್ಬು ಗಂಟಿಕ್ಕಿದಾಗ, ನಕ್ಕಾಗ ಮೂಡುವ ಗೆರೆಗಳಿಗೆ ಅದು. ಅದರಿಂದ ಮುಖ ತುಂಬಿಕೊಳ್ಳುವುದಿಲ್ಲ. ಫಿಲ್ಲರ್ ಅಂದರೆ ಚರ್ಮದ ಕೆಳಗೆ ಸೇರಿಸುವ ವಸ್ತು, ಜಾಗ ತುಂಬುವುದೇ ಅದರ ಕೆಲಸ. ಜಾಸ್ತಿ ಬಳಕೆಯಲ್ಲಿರುವುದು ಹಯಲುರಾನಿಕ್ ಆಸಿಡ್‌ನ ಜೆಲ್. ಈ ವಸ್ತು ನಮ್ಮ ಚರ್ಮದಲ್ಲೂ ಇರುತ್ತದೆ, ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಾಮಾನ್ಯವಾಗಿ ಒಂದು ಸಿರಿಂಜ್‌ನಲ್ಲಿ 1 ಮಿ.ಲೀ. ಇರುತ್ತದೆ, ಅಂದರೆ ಟೀ ಚಮಚದ ಐದನೇ ಒಂದು ಭಾಗ. ಇಡೀ ಮುಖ ಬತ್ತಿದವರಿಗೆ ಒಂದು ಸಿರಿಂಜ್ ಯಾವ ಮೂಲೆಗೂ ಸಾಲುವುದಿಲ್ಲ, ಏನೂ ಕಡಿಮೆಯಾಗದವರ ತುಟಿಗೆ ಅದೇ ಒಂದು ಸಿರಿಂಜ್ ಎದ್ದು ಕಾಣುತ್ತದೆ. ಹಾಗಾಗಿ ಎಷ್ಟು ಸಿರಿಂಜ್ ಅನ್ನುವುದು ಮೊದಲ ಪ್ರಶ್ನೆ ಅಲ್ಲವೇ ಅಲ್ಲ.

ಮುಖದ ಒಳಗೆ ಏನೇನಿದೆ

ಶಾಮಿಯಾನ ಹಾಕುವುದನ್ನು ನೋಡಿದ್ದೀರಲ್ಲ? ಕಂಬ ನೆಡುತ್ತಾರೆ, ಹಗ್ಗ ಬಿಗಿಯುತ್ತಾರೆ, ಮೇಲೆ ಬಟ್ಟೆ ಹರಡುತ್ತಾರೆ. ಮುಖವೂ ಹೆಚ್ಚು ಕಡಿಮೆ ಹೀಗೇ. ಮೂಳೆ ಕಂಬ, ಮೂಳೆಯಿಂದ ಚರ್ಮಕ್ಕೆ ಕಟ್ಟಿದಂತಿರುವ ಗಟ್ಟಿ ನಾರುಗಳು ಹಗ್ಗ, ಚರ್ಮ ಬಟ್ಟೆ. ನಡುವೆ ಎರಡು ಹಂತದಲ್ಲಿ ಕೊಬ್ಬು, ಆ ಎರಡರ ಮಧ್ಯೆ ನಗಿಸುವ ಅಳಿಸುವ ಸ್ನಾಯುಗಳು.

ಕೊಬ್ಬು ಅಂದ ತಕ್ಷಣ ಚರ್ಮದ ಕೆಳಗೆ ಒಂದೇ ಸಮನೆ ಹರಡಿದ ಪದರ ಅಂತ ಅನ್ನಿಸುತ್ತದೆ. ಬಹಳ ಕಾಲ ವೈದ್ಯರೂ ಹೆಚ್ಚು ಕಡಿಮೆ ಹಾಗೇ ಅಂದುಕೊಂಡಿದ್ದರು. 2007ರಲ್ಲಿ ಅಮೆರಿಕದ ಡಲ್ಲಾಸ್‌ನ ರೋಡ್ ರೋರಿಕ್ ಮತ್ತು ಜೋಯಲ್ ಪೆಸ್ಸಾ ಎಂಬ ವೈದ್ಯರು ಶವಗಳ ಮುಖಕ್ಕೆ ನೀಲಿ ಬಣ್ಣ ಚುಚ್ಚಿ, ಅದು ಎಲ್ಲೆಲ್ಲಿ ಹರಡುತ್ತದೆ ಅಂತ ನೋಡಿದರು. ಬಣ್ಣ ಎಲ್ಲ ಕಡೆ ಹರಡಲಿಲ್ಲ. ಒಂದು ಗಡಿಗೆ ಬಂದು ನಿಂತಿತು. ಅಂದರೆ ಮುಖದ ಕೊಬ್ಬು ಬೇರೆ ಬೇರೆ ಕೋಣೆಗಳಲ್ಲಿ ಇದೆ. ಕಣ್ಣಿನ ಕೆಳಗೆ ಒಂದು, ಕೆನ್ನೆಯ ಒಳಭಾಗಕ್ಕೆ ಒಂದು, ಹೊರಭಾಗಕ್ಕೆ ಇನ್ನೊಂದು, ಕಣತಲೆಗೆ ಮತ್ತೊಂದು, ಹೀಗೆ.

ಇದರಿಂದ ನಮಗೇನು? ಒಂದು ಕೋಣೆ ಬರಿದಾದರೂ ಪಕ್ಕದ್ದು ತುಂಬಿಯೇ ಇರಬಹುದು. ಅದಕ್ಕೇ ಕೆಲವರಿಗೆ ಕಣ್ಣಿನ ಕೆಳಗೆ ಕುಳಿ ಬಿದ್ದಿರುತ್ತದೆ, ಅದೇ ಮುಖದಲ್ಲಿ ದವಡೆಯ ಹತ್ತಿರ ಜೋಲು ಇರುತ್ತದೆ. "ಮುಖ ಸಣ್ಣಗಾಗಿದೆ" ಅನ್ನುವ ಒಂದೇ ಮಾತಿನಲ್ಲಿ ಇದನ್ನೆಲ್ಲ ಹೇಳಲು ಆಗುವುದಿಲ್ಲ.

ಮೂಳೆಯೂ ಸುಮ್ಮನೆ ಕೂರುವುದಿಲ್ಲ. ವಯಸ್ಸಾದಂತೆ ಕಣ್ಣಿನ ಗೂಡು ಅಗಲವಾಗುತ್ತದೆ, ಮೂಗಿನ ಪಕ್ಕದ ಮೇಲ್ದವಡೆ ಹಿಂದಕ್ಕೆ ಸರಿಯುತ್ತದೆ, ಕೆಳದವಡೆಯ ಆಕಾರ ಬದಲಾಗುತ್ತದೆ. ಹಲ್ಲು ಹೋದರಂತೂ ಆ ಹಲ್ಲನ್ನು ಹಿಡಿದಿದ್ದ ಮೂಳೆಯೇ ಕರಗುತ್ತಾ ಬರುತ್ತದೆ. ಹಲ್ಲೆಲ್ಲ ಹೋದ ಅಜ್ಜಿಯ ಬಾಯಿ ಒಳಗೆ ಹೋದಂತೆ, ಮೂಗು ಗದ್ದ ಹತ್ತಿರ ಬಂದಂತೆ ಕಾಣುವುದು ಇದಕ್ಕೇ. ಅಲ್ಲಿ ಬೇಕಾಗಿರುವುದು ಫಿಲ್ಲರ್ ಅಲ್ಲ, ಹಲ್ಲಿನ ಡಾಕ್ಟರು.

ಗೆರೆ ಒಂದು ಕಡೆ, ಕಾರಣ ಇನ್ನೊಂದು ಕಡೆ

ಶಾಮಿಯಾನದ ಒಂದು ಕಂಬ ಕುಸಿದರೆ ಬಟ್ಟೆ ಜೋತುಬೀಳುವುದು ಕಂಬದ ಬುಡದಲ್ಲಲ್ಲ, ಹಗ್ಗ ಬಿಗಿದ ಕಡೆ. ಮುಖದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಮೂಗಿನ ಪಕ್ಕದಿಂದ ಬಾಯಿಯ ಮೂಲೆಗೆ ಇಳಿಯುವ ಗೆರೆ. ಬಹಳ ಜನ ಕ್ಲಿನಿಕ್‌ಗೆ ಹೋಗಿ ತೋರಿಸುವುದು ಇದನ್ನೇ: "ಈ ಗೆರೆ ತೆಗೀರಿ." ಆದರೆ ಗೆರೆ ಆಳವಾಗಲು ಕಾರಣ ಹಲವು ಸಲ ಅದರ ಮೇಲೆ ಇರುತ್ತದೆ. ಕೆನ್ನೆಯ ಒಳಗಿನ ಕೊಬ್ಬು ಕರಗಿರುತ್ತದೆ, ಅದರ ಆಧಾರ ತಪ್ಪಿ ಮೇಲಿನ ಪದರ ಕೆಳಗೆ ಜಾರಿ ಗೆರೆಯ ಮೇಲೆ ಕೂತಿರುತ್ತದೆ. ಬರೀ ಗೆರೆಯನ್ನೇ ತುಂಬುತ್ತಾ ಹೋದರೆ ಬಾಯಿಯ ಸುತ್ತ ಮುಖ ಭಾರವಾಗುತ್ತದೆ. ದೂರದಿಂದಲೇ "ಏನೋ ಮಾಡಿಸಿಕೊಂಡಿದ್ದಾರೆ" ಅಂತ ಅನ್ನಿಸುವ ಮುಖಗಳಲ್ಲಿ ಕೆಲವು ಹೀಗೇ ಆದವು. ಇನ್ನೊಂದು ವಿಷಯ, ಈ ಗೆರೆ ಮಕ್ಕಳು ನಕ್ಕಾಗಲೂ ಮೂಡುತ್ತದೆ. ಅದು ಪೂರ್ತಿ ಮಾಯವಾದ ಮುಖ ನೋಡಲು ಸ್ವಲ್ಪ ವಿಚಿತ್ರವೇ.

ಕಣ್ಣಿನ ಕೆಳಗಿನ ಕಪ್ಪು ನಮ್ಮಲ್ಲಿ ಇನ್ನೂ ದೊಡ್ಡ ಗೊಂದಲ. ಅದು ಮೂರು ಬೇರೆ ಬೇರೆ ಕಾರಣಗಳಿಂದ ಬರಬಹುದು: ಚರ್ಮದಲ್ಲೇ ಬಣ್ಣ ಜಾಸ್ತಿ ಇರಬಹುದು, ತೆಳು ಚರ್ಮದ ಹಿಂದೆ ರಕ್ತನಾಳ ಕಾಣುತ್ತಿರಬಹುದು, ಇಲ್ಲವೇ ಅಲ್ಲಿ ಕುಳಿ ಇದ್ದು ನೆರಳು ಬೀಳುತ್ತಿರಬಹುದು. ನಮ್ಮ ಮೈಬಣ್ಣದವರಲ್ಲಿ ಮೊದಲನೆಯದು ತುಂಬಾ ಸಾಮಾನ್ಯ, ಮನೆತನದಲ್ಲೇ ಬಂದಿರುತ್ತದೆ. ಫಿಲ್ಲರ್‌ನಿಂದ ಏನಾದರೂ ಉಪಯೋಗ ಆದರೆ ಅದು ಮುಖ್ಯವಾಗಿ ಮೂರನೆಯದಕ್ಕೆ.

ನೀವೇ ನೋಡಿಕೊಳ್ಳಬಹುದು. ಬೆಳಗ್ಗೆ ಕಿಟಕಿಯ ಎದುರು ನಿಂತು, ಬೆಳಕು ನೇರವಾಗಿ ಮುಖಕ್ಕೆ ಬೀಳುವ ಹಾಗೆ ಕನ್ನಡಿ ಹಿಡಿಯಿರಿ. ಆಮೇಲೆ ಬಾತ್‌ರೂಮಿನಲ್ಲಿ, ತಲೆಯ ಮೇಲೆ ಲೈಟ್ ಇರುವ ಕಡೆ ನಿಂತು ನೋಡಿ. ಕಿಟಕಿಯಲ್ಲಿ ಹೆಚ್ಚು ಕಡಿಮೆ ಇಲ್ಲದ ಕಪ್ಪು ಬಾತ್‌ರೂಮಿನಲ್ಲಿ ಎದ್ದು ಕಂಡರೆ ಅದರಲ್ಲಿ ನೆರಳಿನ ಪಾಲು ಜಾಸ್ತಿ. ಎರಡೂ ಕಡೆ ಒಂದೇ ತರ ಇದ್ದು, ಬೆರಳಿನಿಂದ ಚರ್ಮವನ್ನು ಮೆಲ್ಲಗೆ ಪಕ್ಕಕ್ಕೆ ಎಳೆದಾಗ ಕಂದು ಬಣ್ಣವೂ ಚರ್ಮದ ಜೊತೆಗೇ ಸರಿದರೆ ಅದು ಬಣ್ಣ. ಇದು ರೋಗ ನಿರ್ಣಯ ಅಲ್ಲ, ಒಂದು ಸುಳಿವು ಅಷ್ಟೇ. ಆದರೆ ಬಣ್ಣಕ್ಕೆ ದುಡ್ಡು ಕೊಟ್ಟು ಜೆಲ್ ತುಂಬಿಸಿಕೊಳ್ಳುವುದು ತಪ್ಪುತ್ತದೆ.

ಮೂಗು ದೊಡ್ಡದು ಅನ್ನಿಸುವವರಲ್ಲಿ ಕೆಲವರ ಮೂಗು ಸರಿಯಾಗೇ ಇರುತ್ತದೆ, ಗದ್ದ ಹಿಂದೆ ಇರುತ್ತದೆ. ಎದುರಿನಿಂದ ನೋಡಿದರೆ ಇದು ತಿಳಿಯುವುದಿಲ್ಲ, ಪಕ್ಕದಿಂದ ನೋಡಬೇಕು. ಕೆಳದವಡೆಯೇ ಹಿಂದೆ ಇದ್ದು ಹಲ್ಲು ಸರಿಯಾಗಿ ಕೂರುತ್ತಿಲ್ಲ ಅಂದರೆ ಅದನ್ನು ಮೊದಲು ಹಲ್ಲು ಜೋಡಿಸುವ ತಜ್ಞರು ನೋಡಬೇಕು.

ಅಳತೆ: ಮೂರು ಪಾಲು, ಐದು ಪಾಲು

ಕ್ಲಿನಿಕ್‌ನಲ್ಲಿ ಮುಖವನ್ನು ಅಡ್ಡಕ್ಕೆ ಮೂರು ಪಾಲು ಮಾಡಿ ನೋಡುತ್ತಾರೆ. ಕೂದಲು ಶುರುವಾಗುವಲ್ಲಿಂದ ಹುಬ್ಬಿನ ನಡುವಿನ ತನಕ ಒಂದು, ಅಲ್ಲಿಂದ ಮೂಗಿನ ಬುಡಕ್ಕೆ ಇನ್ನೊಂದು, ಮೂಗಿನ ಬುಡದಿಂದ ಗದ್ದದ ತುದಿಗೆ ಮತ್ತೊಂದು. ಉದ್ದಕ್ಕೆ ಐದು ಪಾಲು, ಒಂದೊಂದೂ ಒಂದು ಕಣ್ಣಿನ ಅಗಲ. ಎರಡು ಕಣ್ಣಿನ ನಡುವೆ ಇನ್ನೊಂದು ಕಣ್ಣು ಹಿಡಿಸಬೇಕು ಅನ್ನುವ ಲೆಕ್ಕ ಅಲ್ಲಿಂದಲೇ ಬಂದದ್ದು.

ಇದು ಪಶ್ಚಿಮದವರ ಲೆಕ್ಕ ಮಾತ್ರ ಅಲ್ಲ. ನಮ್ಮ ಶಿಲ್ಪಿಗಳು ಮೂರ್ತಿ ಕೆತ್ತಲು ಬಳಸುವ ಅಳತೆಯ ಪದ್ಧತಿಯಾದ ತಾಳಮಾನದಲ್ಲಿ ಮುಖ ಅಂದರೆ ಒಂದು ತಾಳ, 12 ಅಂಗುಲ. ಹಣೆಗೆ 4, ಮೂಗಿಗೆ 4, ಮೂಗಿನ ಕೆಳಗಿನಿಂದ ಗದ್ದಕ್ಕೆ 4. ಅದೇ ಮೂರು ಸಮ ಪಾಲು. ಆದರೆ ಅದು ದೇವರ ಮೂರ್ತಿಯ ಅಳತೆ, ಪಕ್ಕದ ಮನೆಯವರದ್ದಲ್ಲ. ಇನ್ನೂ ಒಂದು ಸೂಕ್ಷ್ಮ ಇದೆ: ಅಲ್ಲಿನ ಅಂಗುಲ ಸ್ಕೇಲಿನ ಮೇಲಿನ ಅಂಗುಲ ಅಲ್ಲ, ಆ ಮೂರ್ತಿಯ ಎತ್ತರವನ್ನೇ ಭಾಗ ಮಾಡಿ ತೆಗೆದದ್ದು. ಒಂದು ಮುಖವನ್ನು ಅದೇ ದೇಹದ ಅಳತೆಯಿಂದ ಅಳೆಯುತ್ತಾರೆ.

ಹಾಗಾದರೆ ನಿಜವಾದ ಮನುಷ್ಯರ ಮುಖ ಈ ಲೆಕ್ಕಕ್ಕೆ ಕೂರುತ್ತದಾ? ಕೆನಡಾದ ಟೊರಾಂಟೊದಲ್ಲಿ ಲೆಸ್ಲಿ ಫರ್ಕಾಸ್ ಎಂಬ ವೈದ್ಯರು ಸ್ಕೇಲು, ಕ್ಯಾಲಿಪರ್ ಹಿಡಿದು ಮುಖಗಳನ್ನು ಅಳೆಯುವುದನ್ನೇ ವೃತ್ತಿಯ ದೊಡ್ಡ ಭಾಗ ಮಾಡಿಕೊಂಡಿದ್ದರು. ಯುರೋಪಿನ ಹಳೆಯ ಕಲಾವಿದರ ನಿಯಮಗಳನ್ನು ಅವರ ತಂಡ 1985ರಲ್ಲಿ ಪರೀಕ್ಷಿಸಿತು. ಉತ್ತರ ಅಮೆರಿಕದ ಬಿಳಿಯ ಯುವಜನರಿಗೇ ಆ ನಿಯಮಗಳಲ್ಲಿ ಬಹಳಷ್ಟು ಹೊಂದಲಿಲ್ಲ. ಅವರಿಗೇ ಹೊಂದದ ಮೇಲೆ ನಮಗೆ ಹೊಂದಬೇಕು ಅನ್ನುವುದು ಹೇಗೆ? ಸೌಂದರ್ಯದ ಸೂತ್ರ ಅಂತ ಕೆಲವರು ಹೇಳುವ 1.618ರ ಅನುಪಾತದ, ಅಂದರೆ ಗೋಲ್ಡನ್ ರೇಷಿಯೋ, ಹೆಸರಿನಲ್ಲಿ ನಿಮ್ಮ ಫೋಟೋಗೆ ನೂರಕ್ಕೆ ಇಷ್ಟು ಅಂತ ಅಂಕ ಕೊಡುವ ಆ್ಯಪ್‌ಗಳಿವೆಯಲ್ಲ, ಅವುಗಳ ಹಿಂದಿರುವುದೂ ಇಂಥದೇ ಒಂದು ಅಚ್ಚು. ಆ ಅಚ್ಚಿಗೆ ಬೇರೆ ಬೇರೆ ಜನಾಂಗಗಳ ಮುಖ ಹೊಂದುವುದಿಲ್ಲ ಅಂತ ಸಂಶೋಧಕರು ಹೇಳುತ್ತಲೇ ಬಂದಿದ್ದಾರೆ. ಅಂಕ ನೋಡಿ ನಗಬಹುದು, ಅದನ್ನು ನಂಬಿ ಸೂಜಿ ಚುಚ್ಚಿಸಿಕೊಳ್ಳುವಂಥದ್ದೇನೂ ಅದರಲ್ಲಿಲ್ಲ.

ಹಾಗಂತ ಮೂರು ಪಾಲಿನ ಲೆಕ್ಕ ಕೆಲಸಕ್ಕೆ ಬಾರದ್ದಲ್ಲ. ಕೆಳಗಿನ ಪಾಲು ಚಿಕ್ಕದಾಗಿದೆ ಅಂತ ಗೊತ್ತಾದರೆ ಡಾಕ್ಟರು ಹಲ್ಲು, ದವಡೆ, ಗದ್ದ ನೋಡಬೇಕು ಅಂತ ತಿಳಿಯುತ್ತದೆ. ಎಲ್ಲಿ ಹುಡುಕಬೇಕು ಅಂತ ಅದು ಹೇಳುತ್ತದೆ, ಎಷ್ಟು ತುಂಬಬೇಕು ಅಂತ ಹೇಳುವುದಿಲ್ಲ. ಎಡ ಬಲದ ವ್ಯತ್ಯಾಸವೂ ಹಾಗೇ. ಯಾರ ಮುಖದ ಎರಡು ಅರ್ಧವೂ ಒಂದೇ ತರ ಇರುವುದಿಲ್ಲ, ಒಂದು ಹುಬ್ಬು ಚೂರು ಮೇಲಿರುತ್ತದೆ, ಒಂದು ಕೆನ್ನೆ ಚೂರು ತುಂಬಿರುತ್ತದೆ.

ಸೆಲ್ಫಿ ನೋಡಿ ತೀರ್ಮಾನ ಮಾಡಬೇಡಿ

ಫೋನನ್ನು ಮುಖದ ಹತ್ತಿರ ಹಿಡಿದಷ್ಟೂ ಮುಂದೆ ಇರುವುದು ದೊಡ್ಡದಾಗಿ, ಹಿಂದೆ ಇರುವುದು ಚಿಕ್ಕದಾಗಿ ಬರುತ್ತದೆ. ಮುಖದಲ್ಲಿ ಎಲ್ಲಕ್ಕಿಂತ ಮುಂದೆ ಇರುವುದು ಮೂಗು. 2018ರಲ್ಲಿ ಅಮೆರಿಕದ ಸರ್ಜನ್‌ಗಳು ಇದನ್ನು ಲೆಕ್ಕ ಹಾಕಿದರು: 5 ಅಡಿ ದೂರದಿಂದ ತೆಗೆದ ಫೋಟೋಗಿಂತ 12 ಇಂಚು ದೂರದ ಸೆಲ್ಫಿಯಲ್ಲಿ ಮೂಗು ಸುಮಾರು 30%ರಷ್ಟು ಅಗಲವಾಗಿ ಕಾಣುತ್ತದೆ. ಮುಖದ ಅಂಚುಗಳು, ಕಿವಿ, ಕಣತಲೆ ಒಳಗೆ ಹೋದಂತೆ ಕಾಣುತ್ತವೆ. ಅಂದರೆ ಸೆಲ್ಫಿಯಲ್ಲಿ ಕಾಣುವ "ಬತ್ತಿದ" ಮುಖದಲ್ಲಿ ಸ್ವಲ್ಪ ಪಾಲು ಲೆನ್ಸಿನ ಆಟ.

ಕನ್ನಡಿಯ ಕಥೆ ಬೇರೆ. ಅದರಲ್ಲಿ ಎಡ ಬಲ ಅದಲುಬದಲು ಆಗಿರುತ್ತದೆ, ನಾವು ವರ್ಷಗಟ್ಟಲೆ ನೋಡಿ ಅದಕ್ಕೇ ಒಗ್ಗಿರುತ್ತೇವೆ. ಬೇರೆಯವರು ತೆಗೆದ ಫೋಟೋದಲ್ಲಿ ಮುಖ ಸೊಟ್ಟ ಅನ್ನಿಸುವುದಕ್ಕೆ ಬಹುತೇಕ ಇದೇ ಕಾರಣ.

ಸರಿಯಾಗಿ ನೋಡಬೇಕು ಅಂದರೆ ಮನೆಯವರಿಗೆ ಫೋನ್ ಕೊಟ್ಟು, ನಾಲ್ಕೈದು ಅಡಿ ದೂರ ನಿಲ್ಲಿಸಿ, ಫೋನನ್ನು ಕಣ್ಣಿನ ಮಟ್ಟಕ್ಕೆ ಹಿಡಿಯಲು ಹೇಳಿ. ಬ್ಯೂಟಿ ಫಿಲ್ಟರ್ ಆಫ್ ಇರಲಿ. ಕೆಲವು ಫೋನ್‌ಗಳಲ್ಲಿ ಅದು ಮೊದಲಿನಿಂದಲೇ ಆನ್ ಇರುತ್ತದೆ, ಗಮನಿಸಿ. ಮುಖ ತೊಳೆದು, ಕೂದಲು ಹಿಂದಕ್ಕೆ ಕಟ್ಟಿ, ನಗದೆ ಎದುರಿನಿಂದ ಒಂದು, ಅರ್ಧ ತಿರುಗಿ ಎರಡೂ ಕಡೆಯಿಂದ ಒಂದೊಂದು, ಪೂರ್ತಿ ಪಕ್ಕದಿಂದ ಒಂದೊಂದು. ಆಮೇಲೆ ಐದು ಹತ್ತು ವರ್ಷ ಹಿಂದಿನ ಫೋಟೋ ಹುಡುಕಿ ಪಕ್ಕದಲ್ಲಿಟ್ಟು ನೋಡಿ. ಹಳೆಯ ಮದುವೆ ಆಲ್ಬಂ ಇದಕ್ಕೆ ತುಂಬಾ ಒಳ್ಳೆಯದು, ಯಾಕೆಂದರೆ ಫೋಟೋಗ್ರಾಫರ್ ದೂರದಿಂದ ತೆಗೆದಿರುತ್ತಾನೆ. ಆಗಲೂ ಕಣ್ಣಿನ ಕೆಳಗೆ ಅದೇ ಕುಳಿ ಇದ್ದರೆ ಅದು ಕಳೆದುಕೊಂಡದ್ದಲ್ಲ, ನಿಮ್ಮ ಮುಖದ ಮೂಲ ಆಕಾರ.

ಇನ್ನೊಂದು ಪರೀಕ್ಷೆ: ಅಂಗಾತ ಮಲಗಿ ಕೈಗನ್ನಡಿಯನ್ನು ಮೇಲೆ ಹಿಡಿಯಿರಿ. ಕೆನ್ನೆ ಕಿವಿಯ ಕಡೆಗೆ ಸರಿಯುತ್ತದೆ. ಕೂತಾಗ ಇದ್ದ ಗೆರೆ ಮಲಗಿದಾಗ ಬಹುಪಾಲು ಹೋಯಿತಾ? ಹಾಗಾದರೆ ಅಲ್ಲಿ ಜೋಲುವಿಕೆಯ ಪಾಲು ದೊಡ್ಡದು. ಮಲಗಿದರೂ ಕುಳಿ ಹಾಗೇ ಉಳಿಯಿತಾ? ಅಲ್ಲಿ ಏನೋ ನಿಜವಾಗಿ ಕಡಿಮೆ ಇದೆ. ಬಟ್ಟೆಯೇ, ಅಂದರೆ ಚರ್ಮವೇ, ಸಡಿಲವಾಗಿದ್ದರೆ ಕೆಳಗೆ ಏನು ತುಂಬಿದರೂ ಶಾಮಿಯಾನ ಉಬ್ಬುತ್ತದೆಯೇ ಹೊರತು ಬಿಗಿಯಾಗುವುದಿಲ್ಲ.

ಡಾಕ್ಟರು ಏನು ನೋಡಬೇಕು

ಒಳ್ಳೆಯ ತಪಾಸಣೆ ಅಂದರೆ ಬರೀ ನೋಡುವುದಲ್ಲ, ಮುಟ್ಟುವುದು ಮತ್ತು ಮಾತಾಡಿಸುವುದು. ಮಲಗಿಸಿ ಅಲ್ಲ, ಕೂರಿಸಿ ನೋಡುತ್ತಾರೆ. ಚರ್ಮ ಎಷ್ಟು ದಪ್ಪ ಅಂತ ಬೆರಳಲ್ಲಿ ಹಿಡಿದು ನೋಡುತ್ತಾರೆ. ಕೆನ್ನೆಯ ಮೂಳೆಯ ಅಂಚು ತಡವುತ್ತಾರೆ. ನಗಿ, ಹುಬ್ಬು ಏರಿಸಿ, ಸೀಟಿ ಹೊಡೆಯಿರಿ ಅನ್ನುತ್ತಾರೆ, ಯಾಕೆಂದರೆ ಸುಮ್ಮನಿದ್ದಾಗ ಸರಿಯಾಗಿ ಕಾಣುವ ಮುಖ ನಕ್ಕಾಗ ಬೇರೆಯೇ ಇರಬಹುದು. ಹಲ್ಲು ಕಚ್ಚಿ ಅನ್ನುತ್ತಾರೆ. ದವಡೆಯ ಮೂಲೆಯಲ್ಲಿ ಗಟ್ಟಿ ಉಂಡೆ ಎದ್ದರೆ ಅಗಲ ಮುಖಕ್ಕೆ ಕಾರಣ ಕೊಬ್ಬಲ್ಲ, ಅಗಿಯುವ ಸ್ನಾಯು. ರಾತ್ರಿ ಹಲ್ಲು ಕಡಿಯುವವರಲ್ಲಿ ಅದು ದಪ್ಪವಾಗುತ್ತದೆ.

ಪ್ರಶ್ನೆಗಳೂ ಬರಬೇಕು. ಮೊದಲು ಏನಾದರೂ ಚುಚ್ಚಿಸಿಕೊಂಡಿದ್ದೀರಾ, ಯಾವ ವಸ್ತು, ಯಾವಾಗ? ರಕ್ತ ತೆಳುವಾಗಿಸುವ ಮಾತ್ರೆ ಇದೆಯಾ? ಗರ್ಭಿಣಿಯಾ? ತೂಕ ಇನ್ನೂ ಇಳಿಯುತ್ತಿದೆಯಾ? ಮುಖಕ್ಕೆ ಯಾವ ಕ್ರೀಮ್ ಹಚ್ಚುತ್ತೀರಿ? ಕೊನೆಯದು ನಮ್ಮಲ್ಲಿ ಮುಖ್ಯ. ಬೆಳ್ಳಗಾಗಲು ಅಂತ ಸ್ಟೀರಾಯ್ಡ್ ಇರುವ ಕ್ರೀಮನ್ನು ತಿಂಗಳುಗಟ್ಟಲೆ ಹಚ್ಚಿ ಚರ್ಮ ತೆಳುವಾದವರು ತುಂಬಾ ಜನ ಇದ್ದಾರೆ. ಅವರಿಗೆ ಮೊದಲು ಚರ್ಮ ಸುಧಾರಿಸಬೇಕು.

ಫಿಲ್ಲರ್‌ಗಿಂತ ಮೊದಲು ಬೇರೆ ಪರೀಕ್ಷೆ ಬೇಕಾಗುವವರು

ಪ್ರಯತ್ನವೇ ಮಾಡದೆ ತೂಕ ಇಳಿದು ಮುಖ ಬತ್ತಿದ್ದರೆ ಶುಗರ್, ಥೈರಾಯ್ಡ್, ಟಿಬಿ ಪರೀಕ್ಷೆ ಮೊದಲು. ಮುಖ ಊದಿಕೊಂಡು ಗುಂಡಗಾಗಿದ್ದರೆ ಥೈರಾಯ್ಡ್, ಕಿಡ್ನಿ, ಸ್ಟೀರಾಯ್ಡ್ ಮಾತ್ರೆ ಇವುಗಳನ್ನು ಯೋಚಿಸಬೇಕು. ಅಡಿಕೆ, ಗುಟ್ಕಾ ಅಭ್ಯಾಸ ಇದ್ದು ಬಾಯಿ ಪೂರ್ತಿ ತೆರೆಯಲು ಆಗುತ್ತಿಲ್ಲ, ಕೆನ್ನೆ ಒಳಗೆ ಎಳೆದಂತಿದೆ ಅಂದರೆ ಬಾಯಿಯೊಳಗಿನ ಪೊರೆ ಬಿಗಿದುಕೊಂಡಿರಬಹುದು. ಅದು ಕ್ಯಾನ್ಸರ್‌ಗೂ ತಿರುಗಬಲ್ಲ ಸಮಸ್ಯೆ, ದಂತವೈದ್ಯರ ಹತ್ತಿರ ಹೋಗಿ. ಇದ್ದಕ್ಕಿದ್ದಂತೆ ಬಾಯಿ ಒಂದು ಕಡೆ ವಾಲಿದರೆ ಕನ್ನಡಿ ನೋಡುತ್ತಾ ಕೂರಬೇಡಿ, ಪಾರ್ಶ್ವವಾಯು ಇರಬಹುದು, ನೇರ ಆಸ್ಪತ್ರೆಗೆ.

ಇನ್ನು ಕೆಲವರಿಗೆ ಬೇರೆ ಯಾರಿಗೂ ಕಾಣದ ಒಂದು ಕೊರತೆ ದಿನವಿಡೀ ಕಾಡುತ್ತದೆ. ಗಂಟೆಗಟ್ಟಲೆ ಕನ್ನಡಿ, ಮನೆಯಿಂದ ಹೊರಗೆ ಹೋಗಲು ಹಿಂಜರಿಕೆ, ಒಂದು ಮಾಡಿಸಿದ ಮೇಲೆ ಇನ್ನೊಂದು. ಇದು ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಎಂಬ ಮಾನಸಿಕ ತೊಂದರೆ ಆಗಿರಬಹುದು. ಚುಚ್ಚುಮದ್ದಿನಿಂದ ಅದು ಸಾಮಾನ್ಯವಾಗಿ ಕಡಿಮೆಯಾಗುವುದಿಲ್ಲ, ಮನೋವೈದ್ಯರ ಚಿಕಿತ್ಸೆಯಿಂದ ಕಡಿಮೆಯಾಗುತ್ತದೆ.

ತೂಕ ಇಳಿಸುತ್ತಿರುವವರಿಗೆ

ಇಂಜೆಕ್ಷನ್ ಮುಖವನ್ನೇ ಹುಡುಕಿ ಕರಗಿಸುವುದಿಲ್ಲ. ಬೇಗ ತೂಕ ಇಳಿದರೆ ಯಾವ ದಾರಿಯಲ್ಲಿ ಇಳಿಸಿದರೂ ಹೀಗಾಗುತ್ತದೆ, ಬೇರಿಯಾಟ್ರಿಕ್ ಸರ್ಜರಿ (ತೂಕ ಇಳಿಸಲು ಹೊಟ್ಟೆಗೆ ಮಾಡುವ ಆಪರೇಷನ್) ಆದವರಲ್ಲೂ ಇದನ್ನೇ ನೋಡುತ್ತೇವೆ. ನಲವತ್ತು ದಾಟಿದವರ ಚರ್ಮ ಮತ್ತೆ ಕುಗ್ಗುವುದು ನಿಧಾನ, ಹಾಗಾಗಿ ಅವರಲ್ಲಿ ಜಾಸ್ತಿ ಕಾಣುತ್ತದೆ. ತೂಕ ಇಳಿಯುತ್ತಿರುವಾಗಲೇ ಅಳೆದು ತುಂಬಿಸಿದರೆ ಆ ಅಳತೆ ಬೇಗ ಹಳತಾಗುತ್ತದೆ. ತೂಕ ಕೆಲವು ತಿಂಗಳು ಒಂದೇ ಕಡೆ ನಿಂತ ಮೇಲೆ, ಮೊದಲಿನ ಅದೇ ಜಾಗ ಅದೇ ಬೆಳಕಿನಲ್ಲಿ ಫೋಟೋ ತೆಗೆದು ಹೋಲಿಸುವುದು ವಾಸಿ.

ಇದರ ಉಲ್ಟಾ ಕೂಡ ನಡೆಯುತ್ತಿದೆ. ಇಪ್ಪತ್ತರ ಆಸುಪಾಸಿನವರು ಕೆನ್ನೆ ಒಳಗೆ ಹೋಗಲಿ ಅಂತ ಕೆನ್ನೆಯೊಳಗಿನ ಬಕಲ್ ಫ್ಯಾಟ್ ಎಂಬ ಕೊಬ್ಬಿನ ಗಡ್ಡೆ ತೆಗೆಸುತ್ತಾರೆ. ತೆಗೆದ ಕೊಬ್ಬು ಮತ್ತೆ ಬರುವುದಿಲ್ಲ, ವಯಸ್ಸಾದ ಮೇಲೆ ಮುಖದ ಉಳಿದ ಕೊಬ್ಬೂ ಕಡಿಮೆಯಾಗುತ್ತದೆ.

ಯಾರ ಹತ್ತಿರ, ಏನು ಕೇಳಬೇಕು

ಚರ್ಮರೋಗ ತಜ್ಞರು ಅಥವಾ ಪ್ಲಾಸ್ಟಿಕ್ ಸರ್ಜನ್. ಬ್ಯೂಟಿ ಪಾರ್ಲರ್ ಅಲ್ಲ. ವೈದ್ಯರ ನೋಂದಣಿಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಪರಿಶೀಲಿಸಬಹುದು. ಕ್ಲಿನಿಕ್‌ಗೂ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯ ನೋಂದಣಿ ಇರಬೇಕು.

ಯಾವ ವಸ್ತು, ಎಷ್ಟು, ಯಾವ ಪದರಕ್ಕೆ, ಯಾಕೆ ಅಲ್ಲಿಗೇ ಅಂತ ಕೇಳಿ. ಕರಗಿಸಬಹುದಾದದ್ದಾ ಅಂತ ಕೇಳಿ. ಹಯಲುರಾನಿಕ್ ಆಸಿಡ್ ಆದರೆ ಹಯಲುರೊನಿಡೇಸ್ ಎಂಬ ಔಷಧಿಯಿಂದ ಕರಗಿಸಬಹುದು, ಬೇರೆ ಕೆಲವಕ್ಕೆ ಆ ದಾರಿ ಇಲ್ಲ. ಆ ಔಷಧಿ ಕ್ಲಿನಿಕ್‌ನಲ್ಲೇ ಇದೆಯಾ ಅಂತ ಕೇಳಲು ಸಂಕೋಚ ಬೇಡ. ಅಪರೂಪಕ್ಕೆ ಜೆಲ್ ರಕ್ತನಾಳದೊಳಗೆ ಹೋಗುತ್ತದೆ, ಆಗ ಚರ್ಮ ಬಿಳಿಚಿಕೊಳ್ಳುತ್ತದೆ, ಇಲ್ಲವೇ ಬಲೆಯಂಥ ನೀಲಿ ಗೆರೆ ಮೂಡುತ್ತದೆ, ನೋವು ವಿಪರೀತ ಆಗಬಹುದು. ಕಣ್ಣು ಮಂಜಾದರೆ ಪ್ರತಿ ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಹುಬ್ಬಿನ ನಡುವೆ ಮತ್ತು ಮೂಗಿನ ಸುತ್ತ ಈ ಅಪಾಯ ಜಾಸ್ತಿ.

ತಪಾಸಣೆ ಮಾಡಿದ ದಿನವೇ ಚುಚ್ಚಿಸಿಕೊಳ್ಳಬೇಕು ಅಂತ ಯಾವ ವೈದ್ಯಕೀಯ ಕಾರಣವೂ ಇಲ್ಲ. "ಇವತ್ತೇ ಮಾಡಿಸಿದರೆ ಡಿಸ್ಕೌಂಟ್" ಅಂದರೆ ಅದು ಅಂಗಡಿಯ ಮಾತು. ಅವರು ತೆಗೆದ ಫೋಟೋಗಳ ಪ್ರತಿ ಮತ್ತು ಏನು ಕಂಡಿತು ಅಂತ ಬರೆದ ಚೀಟಿ ತೆಗೆದುಕೊಂಡು ಮನೆಗೆ ಬನ್ನಿ. ಬೇಕಾದರೆ ಅದನ್ನೇ ಇನ್ನೊಬ್ಬ ಡಾಕ್ಟರಿಗೂ ತೋರಿಸಬಹುದು.